ಬೆಂಜಮಿನ್ ಮೇಸ್: ‘ಕಿಂಗ್ ಅವರ ಗುರು’ ಎಂದು ಹೇಳಿ ಮುಗಿಸಬಹುದೇ?

ಹಾಸನದ ನಿವೃತ್ತ ಪ್ರಾಂಶುಪಾಲೆ

ಆಗಸ್ಟ್ 28 ಬಂತೆಂದರೆ ಮಾರ್ಟಿನ್ ಲೂಥರ್ ಕಿಂಗ್ ಅವರ ವಾಷಿಂಗ್ಟನ್ ಭಾಷಣದ ತುಣುಕುಗಳು ಎಲ್ಲರ ಮೊಬೈಲಿಗೂ ಬರುತ್ತವೆ. 1963ರ ಆ ಸಭೆಯ ಕೊನೆಯ ಪ್ರಾರ್ಥನೆಯನ್ನು ಸಲ್ಲಿಸಿದವರು ಯಾರು ಎಂದು ಕೇಳಿ ನೋಡಿ, ಉತ್ತರ ಸಿಗುವುದು ಅಪರೂಪ. ಅವರು ಅಟ್ಲಾಂಟಾದಲ್ಲಿ ಕಪ್ಪು ಹುಡುಗರಿಗಾಗಿ ಇರುವ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿದ್ದ ಬೆಂಜಮಿನ್ ಎಲೈಜಾ ಮೇಸ್. ಹೆಸರು ಗೊತ್ತಿರುವವರೂ ‘ಕಿಂಗ್ ಅವರ ಗುರು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನನ್ನ ತಕರಾರು ಇರುವುದೇ ಅಲ್ಲಿ. ಈ ಮನುಷ್ಯ 1940ರಿಂದ 1967ರವರೆಗೆ, 27 ವರ್ಷ, ಒಂದು ಕಾಲೇಜನ್ನು ನಡೆಸಿದವರು. ಶುಲ್ಕ ವಸೂಲಿ, ಅಧ್ಯಾಪಕರ ನೇಮಕ, ದಾನಿಗಳ ಮನೆ ಬಾಗಿಲು ತಟ್ಟುವುದು, ಹುಡುಗರ ತಂಟೆ ತಕರಾರು ಎಲ್ಲವನ್ನೂ ತಲೆಯ ಮೇಲೆ ಹೊತ್ತವರು. ಪಾದ್ರಿಯೂ ಆಗಿದ್ದ ಅವರ ಭಕ್ತಿಯನ್ನು ನೋಡಬೇಕಾದರೆ ಆ ಕಚೇರಿಯಲ್ಲಿಯೇ ನೋಡಬೇಕು ಎಂದು ನನಗೆ ಅನ್ನಿಸುತ್ತದೆ.

ಹುಟ್ಟಿದ್ದು 1894ರಲ್ಲಿ, ದಕ್ಷಿಣ ಕೆರೊಲಿನಾದ ಹಳ್ಳಿಗಾಡಿನಲ್ಲಿ. ತಂದೆ ತಾಯಿ ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿದವರು, ಆಮೇಲೆ ಗೇಣಿ ಒಕ್ಕಲುತನ ಮಾಡಿಕೊಂಡಿದ್ದವರು. ಎಂಟು ಮಕ್ಕಳಲ್ಲಿ ಇವರೇ ಕೊನೆಯವರು. ನೆನಪಿನಲ್ಲಿ ಉಳಿದ ಮೊತ್ತಮೊದಲ ಘಟನೆ 1898ರಲ್ಲಿ ಅದೇ ಸೀಮೆಯ ಫೀನಿಕ್ಸ್ ಊರಿನಲ್ಲಿ ಕಪ್ಪು ಜನರ ಮೇಲೆ ನಡೆದ ಗಲಭೆಯದು. ಕುದುರೆ ಏರಿ ಬಂದೂಕು ಹಿಡಿದು ಬಂದ ಬಿಳಿಯರ ಗುಂಪು ತಂದೆಯನ್ನು ತಡೆದು, ಟೋಪಿ ತೆಗೆಸಿ, ಮತ್ತೆ ಮತ್ತೆ ತಲೆ ಬಾಗಿಸಿತು. ಮಗುವಿಗೆ ಆಗ ನಾಲ್ಕು ವರ್ಷ. ಹತ್ತಿ ಬೆಳೆಯುವ ಸೀಮೆ. ಹೊಲದ ಕೆಲಸ ಇಲ್ಲದಾಗ ಮಾತ್ರ ಕಪ್ಪು ಮಕ್ಕಳಿಗೆ ಶಾಲೆ, ವರ್ಷಕ್ಕೆ ನಾಲ್ಕು ತಿಂಗಳು. ತಾಯಿಗೆ ಓದಲು ಬರುತ್ತಿರಲಿಲ್ಲ. ಎಣಿಕೆಯನ್ನೂ ಅಕ್ಷರವನ್ನೂ ಕಲಿಸಿದವಳು ಹಿರಿಯಕ್ಕ.

ಒಂಬತ್ತನೆಯ ವಯಸ್ಸಿನಲ್ಲಿ ಚರ್ಚಿನ ಮಕ್ಕಳ ದಿನದಂದು ಹುಡುಗ ಯೇಸುವಿನ ಗಿರಿ ಪ್ರವಚನದ ಭಾಗವೊಂದನ್ನು ಬಾಯಿಪಾಠ ಒಪ್ಪಿಸಿದ. ಮುದುಕಿಯರು ಕರವಸ್ತ್ರ ಬೀಸಿದರು, ಮುದುಕರು ನೆಲ ನಡುಗುವಂತೆ ಕಾಲು ಬಡಿದರು. ಊರಿನ ಬಡ ಜನ ತನ್ನನ್ನು ಹಾಗೆ ಮೆಚ್ಚಿಕೊಂಡದ್ದೇ ತನ್ನನ್ನು ಮುಂದಕ್ಕೆ ತಳ್ಳಿತು ಎಂದು ಮೇಸ್ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ತಂದೆ ಮಾತ್ರ ಓದಿಗೆ ಅಡ್ಡ. ಕಪ್ಪು ಮನುಷ್ಯನಿಗೆ ಇರುವುದು ಎರಡೇ ಕಸುಬು, ಬೇಸಾಯ ಇಲ್ಲವೇ ಪ್ರವಚನ. ಇವೆರಡಕ್ಕೂ ಶಾಲೆ ಯಾಕೆ ಎನ್ನುವ ವಾದ. ಮಗ ಹಟ ಹಿಡಿದು ಓದಲು ಹೊರಟಾಗ ಸಿಟ್ಟಿನಿಂದ ಹತ್ತು ಡಾಲರಿನ ನೋಟೊಂದನ್ನು ಅವನತ್ತ ಎಸೆದರು. ನಾನು ಆ ತಂದೆಯನ್ನು ಬೈಯಲಾರೆ. ಎಸೆದರೂ ಹತ್ತು ಡಾಲರ್ ಎಸೆದರು, ಗೇಣಿ ರೈತನಿಗೆ ಅದು ಸಣ್ಣ ಮೊತ್ತವಲ್ಲ.

ಪ್ರೌಢಶಾಲೆ ಮುಗಿಸುವಾಗ ಮೇಸ್‌ಗೆ ಇಪ್ಪತ್ತು ದಾಟಿತ್ತು. 1920ರಲ್ಲಿ ಮೇನ್ ರಾಜ್ಯದ ಬೇಟ್ಸ್ ಕಾಲೇಜಿನಿಂದ ಪದವಿ, ಷಿಕಾಗೋ ವಿಶ್ವವಿದ್ಯಾಲಯದಿಂದ 1925ರಲ್ಲಿ ಎಂ.ಎ., 1935ರಲ್ಲಿ ಪಿಎಚ್.ಡಿ. ನಡುವೆ ರೈಲಿನ ಪುಲ್‌ಮನ್ ಎಂಬ ಮಲಗುವ ಬೋಗಿಗಳಲ್ಲಿ ಪೋರ್ಟರ್ ಕೆಲಸ, ಮೋರ್‌ಹೌಸಿನಲ್ಲಿ ಗಣಿತದ ಪಾಠ, ಚರ್ಚಿನಲ್ಲಿ ಪಾದ್ರಿಗಿರಿ. ಬಳಿಕ ವಾಷಿಂಗ್ಟನ್ನಿನ ಹವರ್ಡ್ ವಿಶ್ವವಿದ್ಯಾಲಯದ ಧರ್ಮಶಾಸ್ತ್ರ ವಿಭಾಗದ ಡೀನ್. ಅಲ್ಲಿಂದ ಮೋರ್‌ಹೌಸಿಗೆ ಅಧ್ಯಕ್ಷರಾಗಿ ಬಂದಾಗ ಕಾಲೇಜಿನ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಶುಲ್ಕ ಬಾಕಿ ಉಳಿಸಿಕೊಂಡವರನ್ನು ಹಿಡಿದು ಹಿಡಿದು ಕೇಳಿದರು. ಹುಡುಗರು ಬೆನ್ನ ಹಿಂದೆ ‘ಬಕ್ ಬೆನ್ನಿ’ ಎಂದು ಅಡ್ಡಹೆಸರು ಇಟ್ಟರು. ಬಕ್ ಎಂದರೆ ಅಲ್ಲಿನ ಆಡುಮಾತಿನಲ್ಲಿ ಡಾಲರ್; ಆ ಕಾಲದ ಒಬ್ಬ ಹಾಸ್ಯನಟನ ಸಿನಿಮಾ ಪಾತ್ರದ ಹೆಸರೂ ಅದೇ. ಯುದ್ಧಕ್ಕೆ ಹುಡುಗರು ಹೋಗಿ ತರಗತಿಗಳು ಖಾಲಿಯಾದಾಗ, ಪ್ರೌಢಶಾಲೆ ಮುಗಿಸದ ಜಾಣರಿಗೂ ಪರೀಕ್ಷೆ ಕೊಟ್ಟು ಪ್ರವೇಶ ನೀಡುವ ದಾರಿ ಮಾಡಿದರು. 1944ರಲ್ಲಿ ಹದಿನೈದು ವರ್ಷದ ಕಿಂಗ್ ಒಳಗೆ ಬಂದದ್ದು ಆ ಬಾಗಿಲಿನಿಂದ. ಸಂಖ್ಯೆ ಕುಸಿದ ಕಾಲೇಜನ್ನು ಉಳಿಸಲು ಮಾಡಿದ ಒಂದು ಆಡಳಿತ ನಿರ್ಧಾರ ಅದು, ಬೇರೇನೂ ಅಲ್ಲ. ಚರಿತ್ರೆ ಅದರ ಹಿಂದೆಯೇ ಬಂತು.

ನಿಮಗೆ ತಿಳಿದದ್ದನ್ನು ಸೇರಿಸಿ. ಒಪ್ಪದಿದ್ದರೆ ಅದನ್ನೂ ಹೇಳಿ.

ಮೈಸೂರಿನ ಇತಿಹಾಸ ಮೇಷ್ಟ್ರು

ಮೇಡಂ, ನೀವು ನಮ್ಮೂರನ್ನೇ ಬಿಟ್ಟುಬಿಟ್ಟಿರಿ! 1937ರ ಜನವರಿಯಲ್ಲಿ ವೈ.ಎಂ.ಸಿ.ಎ. ಎಂಬ ಕ್ರೈಸ್ತ ಯುವಕರ ಸಂಸ್ಥೆಯ ವಿಶ್ವ ಸಮ್ಮೇಳನ ನಡೆದದ್ದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಮಿರ್ಜಾ ಇಸ್ಮಾಯಿಲ್ ದಿವಾನರು. ಅಮೆರಿಕದಿಂದ ಬಂದ ಪ್ರತಿನಿಧಿಗಳಲ್ಲಿ ಆಗಿನ್ನೂ ಹವರ್ಡಿನ ಡೀನ್ ಆಗಿದ್ದ ಮೇಸ್ ಒಬ್ಬರು.

ಆ ದಿನಗಳಲ್ಲಿ ಇಲ್ಲಿನ ಅಸ್ಪೃಶ್ಯರ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಮೇಸ್ ಅವರನ್ನು ಶಾಲೆಗೆ ಕರೆದರು. ಊಟ ಆಯಿತು, ಮಕ್ಕಳನ್ನು ಸೇರಿಸಿದರು, ಅತಿಥಿಯ ಪರಿಚಯ ಮಾಡಿಕೊಡಲು ನಿಂತರು. ನಿಮ್ಮ ಹಾಗೆಯೇ ಇವರೂ ಅಮೆರಿಕದಲ್ಲಿ ಅಸ್ಪೃಶ್ಯರು, ಆದರೂ ಇಷ್ಟು ಎತ್ತರಕ್ಕೆ ಏರಿದ್ದಾರೆ ಎಂಬ ಅರ್ಥದ ಮಾತು ಹೇಳಿದರು. ಮೇಸ್ ಅವರಿಗೆ ಮೊದಲು ಬಂದದ್ದು ಸಿಟ್ಟು. ಡಾಕ್ಟರೇಟ್ ಪಡೆದವನು, ವಿಶ್ವವಿದ್ಯಾಲಯದ ಡೀನ್, ದೇಶದ ಪ್ರತಿನಿಧಿಯಾಗಿ ಬಂದವನು. ತನ್ನನ್ನು ಹೀಗೆ ಕರೆಯುವುದೇ? ಆ ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ತನ್ನ ದೇಶದಲ್ಲಿ ಹೋಟೆಲು, ರೈಲಿನ ಊಟದ ಬೋಗಿ, ಮತಗಟ್ಟೆ ಎಲ್ಲಿಯೂ ತನಗೆ ಇರುವ ಜಾಗ ಯಾವುದು ಎಂದು ಯೋಚಿಸಿದಾಗ ಮುಖ್ಯೋಪಾಧ್ಯಾಯರು ಹೇಳಿದ್ದು ಸರಿಯಾಗಿಯೇ ಇದೆ ಎಂದು ಒಪ್ಪಿಕೊಂಡರು. ಇದನ್ನು ಅವರೇ ಬರೆದಿದ್ದಾರೆ.

ಇಪ್ಪತ್ತೆರಡು ವರ್ಷಗಳ ನಂತರ, 1959ರಲ್ಲಿ, ಕಿಂಗ್ ಭಾರತಕ್ಕೆ ಬಂದಾಗ ಕೇರಳದ ಶಾಲೆಯೊಂದರಲ್ಲಿ ಅವರಿಗೂ ಹೆಚ್ಚು ಕಡಿಮೆ ಇದೇ ಪರಿಚಯ ಸಿಕ್ಕಿತು. ಅವರಿಗೂ ಇದೇ ಕಸಿವಿಸಿ, ಇದೇ ಒಪ್ಪಿಗೆ. ಜಗತ್ತಿಗೆ ಗೊತ್ತಿರುವುದು ಶಿಷ್ಯನ ಕಥೆ. ಅದಕ್ಕಿಂತ ಮೊದಲಿನ ಮೈಸೂರಿನ ಕಥೆ ಮೈಸೂರಿಗೇ ಗೊತ್ತಿಲ್ಲ. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡಿಸಲು 1918ರಲ್ಲಿಯೇ ಮಿಲ್ಲರ್ ಸಮಿತಿ ನೇಮಿಸಿದ ಸಂಸ್ಥಾನ ಎಂದು ನಾವು ಹೆಮ್ಮೆ ಪಡುತ್ತೇವೆ, ಪಡಬೇಕಾದದ್ದೇ. ಆದರೆ ಅದೇ ಸಂಸ್ಥಾನದ ರಾಜಧಾನಿಯಲ್ಲಿ ಈ ಮಕ್ಕಳಿಗೆ ಬೇರೆ ಶಾಲೆಯೂ ಇತ್ತು.

ಕಲಬುರಗಿಯ ಓದುಗ

ಮೇಷ್ಟ್ರು ಅರ್ಧ ಹೇಳಿ ನಿಲ್ಲಿಸಿದ್ದಾರೆ. ಮೈಸೂರಿಗೆ ಬರುವ ಮೊದಲು, 1936ರ ಡಿಸೆಂಬರಿನ ಕೊನೆಯಲ್ಲಿ, ಮೇಸ್ ವಾರ್ಧಾದಲ್ಲಿ ಗಾಂಧೀಜಿಯನ್ನು ಭೇಟಿಯಾದರು. ಸುಮಾರು ಒಂದೂವರೆ ಗಂಟೆ ಮಾತುಕತೆ. ಕೇಳಿದ ಮುಖ್ಯ ಪ್ರಶ್ನೆಗಳು ಎರಡು. ಒಂದು ಅಹಿಂಸೆಯ ಬಗ್ಗೆ. ಅದು ಸುಮ್ಮನೆ ಏಟು ತಿನ್ನುವುದಲ್ಲ, ಕ್ರಿಯಾಶೀಲ ಶಕ್ತಿ, ಎದುರಾಳಿಯ ಮೇಲೆ ದ್ವೇಷವಿದ್ದರೆ ಅದು ಅಹಿಂಸೆಯೇ ಅಲ್ಲ, ಚಳವಳಿ ಹಿಂಸೆಗೆ ಇಳಿದರೆ ನಿಲ್ಲಿಸಬೇಕು ಎಂದು ಗಾಂಧೀಜಿ ವಿವರಿಸಿದರು. ಇದು ಮುಂದೆ ಮೋರ್‌ಹೌಸಿನ ಹುಡುಗರ ಕಿವಿಗೆ ಬಿತ್ತು, ಸರಿ.

ಎರಡನೆಯದು: ಅಸ್ಪೃಶ್ಯತೆಯ ಮೇಲೆ ಹೋರಾಡುವ ನೀವು ಜಾತಿಪದ್ಧತಿಯ ಮೇಲೆ ಯಾಕೆ ಹೋರಾಡುವುದಿಲ್ಲ? ಜಾತಿ ಎನ್ನುವುದು ಕೆಲಸದ ಹಂಚಿಕೆ, ತಾನು ತೊಲಗಿಸಲು ಹೊರಟಿರುವುದು ಅಸ್ಪೃಶ್ಯತೆಯನ್ನು ಎನ್ನುವ ಧಾಟಿಯ ಉತ್ತರ ಬಂತು. ಅದೇ 1936ರಲ್ಲಿ ಅಂಬೇಡ್ಕರ್ ಅವರು ಲಾಹೋರಿನಲ್ಲಿ ಮಾಡಬೇಕಾಗಿದ್ದ, ಸಂಘಟಕರು ಹಿಂಜರಿದು ರದ್ದು ಮಾಡಿದ ಭಾಷಣವನ್ನು ತಾವೇ ಅಚ್ಚು ಹಾಕಿಸಿದ್ದರು. ಅದರಲ್ಲಿ ಈ ‘ಕೆಲಸದ ಹಂಚಿಕೆ’ ವಾದಕ್ಕೆ ನೇರ ಉತ್ತರವಿದೆ: ಇದು ಕೆಲಸದ ಹಂಚಿಕೆಯಲ್ಲ, ಕೆಲಸಗಾರರನ್ನೇ ಹಂಚಿ ಮೇಲು ಕೀಳು ಮಾಡುವುದು. ಮೇಸ್ ಅಷ್ಟು ದೂರದಿಂದ ಬಂದು ಸರಿಯಾದ ಪ್ರಶ್ನೆ ಕೇಳಿದರು. ಸರಿಯಾದ ಉತ್ತರ ಇದ್ದದ್ದು ಮುಂಬಯಿಯಲ್ಲಿ, ಅಂಬೇಡ್ಕರ್ ಅವರ ಬಳಿ. ಅದಕ್ಕೇ ನನಗೆ ಮೈಸೂರಿನ ಆ ಹೆಸರಿಲ್ಲದ ಮುಖ್ಯೋಪಾಧ್ಯಾಯರೇ ದೊಡ್ಡವರಾಗಿ ಕಾಣುತ್ತಾರೆ. ಒಂದೇ ವಾಕ್ಯದಲ್ಲಿ ಜಾತಿಯನ್ನೂ ಮೈಬಣ್ಣವನ್ನೂ ಒಂದೇ ಕಂಬಕ್ಕೆ ಕಟ್ಟಿದರು.

ಹಾಸನದ ನಿವೃತ್ತ ಪ್ರಾಂಶುಪಾಲೆ

ಒಪ್ಪಿದೆ. ಆ ಮುಖ್ಯೋಪಾಧ್ಯಾಯರೂ ಒಂದು ಶಿಕ್ಷಣ ಸಂಸ್ಥೆಯನ್ನು ನಡೆಸುತ್ತಿದ್ದವರು ಎಂಬುದನ್ನು ಮರೆಯಬೇಡಿ.

ದಾವಣಗೆರೆ ಗುಮಾಸ್ತ

ನಾನು ಒಂದು ಅನುದಾನಿತ ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಎಲ್ಲರೂ ಗಾಂಧಿ, ಅಂಬೇಡ್ಕರ್ ಎಂದು ಮೇಲೆ ಹೋದಿರಿ, ನನ್ನ ಕಣ್ಣು ಮಾತ್ರ ಆ ‘ಬಕ್ ಬೆನ್ನಿ’ ಎಂಬಲ್ಲಿಯೇ ನಿಂತಿದೆ.

ಶುಲ್ಕ ವಸೂಲಿ ಮಾಡುವವನನ್ನು ಯಾರೂ ಪ್ರೀತಿಸುವುದಿಲ್ಲ. ನಮ್ಮಲ್ಲಿ ನವೆಂಬರ್ ತಿಂಗಳು ಬಂದರೆ ಕಿಟಕಿಯ ಮುಂದೆ ಸಾಲು. ಒಬ್ಬನ ಕೈಯಲ್ಲಿ ಬ್ಯಾಂಕ್ ಚಲನ್, ಇನ್ನೊಬ್ಬನದು ವಿದ್ಯಾರ್ಥಿವೇತನ ಮಂಜೂರಾಗಿದೆ ಆದರೆ ಖಾತೆಗೆ ಬಂದಿಲ್ಲ ಎನ್ನುವ ಕಥೆ, ಮತ್ತೊಬ್ಬಳ ಅಪ್ಪ ಭತ್ತ ಮಾರಿದ ಮೇಲೆ ಕಟ್ಟುತ್ತೇನೆ ಎಂದು ಬಿಳಿ ಹಾಳೆಯಲ್ಲಿ ಬರೆದುಕೊಟ್ಟ ಮುಚ್ಚಳಿಕೆ. ಪ್ರವೇಶಪತ್ರ ತಡೆಹಿಡಿಯಿರಿ ಎಂದು ಮೇಲಿನವರ ಆದೇಶ. ಹಿಡಿದರೆ ಹುಡುಗನ ಪರೀಕ್ಷೆ ಹೋಗುತ್ತದೆ, ಬಿಟ್ಟರೆ ಲೆಕ್ಕ ತಪಾಸಣೆಯವರು ಬಾಕಿ ವಹಿಯಲ್ಲಿ ಕೆಂಪು ಗೆರೆ ಎಳೆಯುತ್ತಾರೆ. ಹಿಂದೆ ಇದ್ದ ನಮ್ಮ ಅಧೀಕ್ಷಕರು ಬಾಕಿದಾರರನ್ನು ಗುಂಪಿನ ಮುಂದೆ ಎಂದೂ ಕೇಳುತ್ತಿರಲಿಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಎಷ್ಟು ಕಂತು ಬೇಕು ಎಂದು ಕೇಳಿ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಹುಡುಗರು ಅವರಿಗೂ ಅಡ್ಡಹೆಸರು ಇಟ್ಟಿದ್ದರು, ಇಲ್ಲಿ ಬರೆಯುವಂಥದ್ದಲ್ಲ.

ಮೇಸ್ ಎಷ್ಟು ಮೃದುವಾಗಿದ್ದರು, ಎಷ್ಟು ಗಡುಸಾಗಿದ್ದರು? ಅಡ್ಡಹೆಸರಿನಲ್ಲಿ ಪ್ರೀತಿ ಇತ್ತೋ ಸಿಟ್ಟಿತ್ತೋ?

ಅಟ್ಲಾಂಟಾ ಕನ್ನಡಿಗ

ಸರ್, ಎರಡೂ ಇತ್ತು. ಹಳೆಯ ವಿದ್ಯಾರ್ಥಿಗಳು ಆ ಹೆಸರನ್ನು ನಗುತ್ತಲೇ ಹೇಳುತ್ತಾರೆ. ಆದರೆ ಅವರೆಲ್ಲ ಪದವಿ ಮುಗಿಸಿದವರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಂಗಳವಾರ ಬೆಳಿಗ್ಗೆ ಸೇಲ್ ಹಾಲ್ ಎಂಬ ಹಳೆಯ ಕಟ್ಟಡದ ಪ್ರಾರ್ಥನಾ ಮಂದಿರದಲ್ಲಿ ಮೇಸ್ ಮಾತನಾಡುತ್ತಿದ್ದರು. ಹಾಜರಿ ಕಡ್ಡಾಯ. ಕಿಂಗ್ ಆ ಮಾತು ಕೇಳಿ, ಒಪ್ಪದ ಕಡೆ ವಾದ ಮಾಡಲು ಅವರ ಬೆನ್ನು ಹತ್ತಿ ಕಚೇರಿಯವರೆಗೂ ಹೋಗುತ್ತಿದ್ದರಂತೆ. ವೈದ್ಯನಾಗಲೋ ವಕೀಲನಾಗಲೋ ಎಂದು ತೂಗಾಡುತ್ತಿದ್ದ ಹುಡುಗ ಪಾದ್ರಿಯಾಗಲು ಒಪ್ಪಿದ್ದರಲ್ಲಿ ಮೇಸ್ ಅವರ ಜೊತೆಗೆ ಧರ್ಮಶಾಸ್ತ್ರ ಕಲಿಸುತ್ತಿದ್ದ ಜಾರ್ಜ್ ಕೆಲ್ಸಿ ಅವರ ಪಾಲೂ ಇದೆ. ಇಬ್ಬರೂ ಓದಿಕೊಂಡ ಪಾದ್ರಿಗಳು. ಭಕ್ತಿಗೂ ಬುದ್ಧಿಗೂ ಜಗಳ ಹಚ್ಚಬೇಕಾಗಿಲ್ಲ ಎಂದು ಆ ಹುಡುಗನಿಗೆ ಇವರಿಂದ ತಿಳಿಯಿತು.

ಮೇಡಂ ಹೇಳಿದ ‘ಕಚೇರಿಯ ಭಕ್ತಿ’ಗೆ ನನ್ನದೊಂದು ಸೇರ್ಪಡೆ. 1956ರ ಫೆಬ್ರವರಿಯಲ್ಲಿ ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ ಕಪ್ಪು ಜನ ನಡೆಸುತ್ತಿದ್ದ ಮಾಂಟ್ಗೊಮರಿ ಬಸ್ ಬಹಿಷ್ಕಾರದ ಮುಂದಾಳುಗಳ ಮೇಲೆ, ಕಿಂಗ್ ಅವರೂ ಸೇರಿ, ಮೊಕದ್ದಮೆ ಹೂಡಿದರು. ಕಿಂಗ್ ಆಗ ಊರಿನಲ್ಲಿ ಇರಲಿಲ್ಲ. ಅಟ್ಲಾಂಟಾದ ಮನೆಯಲ್ಲಿ ತಂದೆ ನಗರದ ಹಿರಿಯರನ್ನೆಲ್ಲ ಸೇರಿಸಿ, ಮಗನನ್ನು ಮಾಂಟ್ಗೊಮರಿಗೆ ಹೋಗದಂತೆ ತಡೆಯಿರಿ ಎಂದು ಬೇಡಿಕೊಂಡರು. ಮಾಂಟ್ಗೊಮರಿಯ ಮಗನ ಮನೆಗೆ ಬಾಂಬ್ ಬಿದ್ದು ಒಂದು ತಿಂಗಳೂ ಆಗಿರಲಿಲ್ಲ, ತಂದೆಯ ಭಯ ಅರ್ಥವಾಗುತ್ತದೆ. ಹಿರಿಯರೂ ತಲೆಯಾಡಿಸಿದರು. ಮಗ ತನ್ನ ಜನರ ಜೊತೆ ಇರಬೇಕು ಎಂದಾಗ ಮೊದಲು ಅವನ ಪರ ಮಾತನಾಡಿದವರು ಮೇಸ್. ತಂದೆ ಮೋರ್‌ಹೌಸಿನ ಹಳೆಯ ವಿದ್ಯಾರ್ಥಿ, ಕಾಲೇಜಿಗೆ ಬೇಕಾದ ದೊಡ್ಡ ಮನುಷ್ಯ. ಅಂಥವರ ಮನೆಯಲ್ಲಿಯೇ ಕುಳಿತು ಅವರ ಕಣ್ಣೀರಿಗೆ ವಿರುದ್ಧವಾಗಿ ಹೇಳುವುದು ಕಾಲೇಜು ನಡೆಸುವ ಯಾರಿಗೂ ಸುಲಭವಲ್ಲ.

ಮೇಸ್ ಮತ್ತು ಕಿಂಗ್ ಇಬ್ಬರ ನಡುವೆ ಒಂದು ಒಪ್ಪಂದವಿತ್ತು: ಯಾರು ಮೊದಲು ಹೋಗುತ್ತಾರೋ ಅವರ ಅಂತ್ಯಕ್ರಿಯೆಯಲ್ಲಿ ಉಳಿದವರು ಮಾತನಾಡಬೇಕು. ವಯಸ್ಸಿನಲ್ಲಿ ಮೂವತ್ತನಾಲ್ಕು ವರ್ಷಗಳ ಅಂತರ. ಕಿಂಗ್ ಮಾತನಾಡುತ್ತಾರೆ ಎಂದೇ ಎಲ್ಲರೂ ಎಣಿಸಬೇಕು. 1968ರ ಏಪ್ರಿಲ್ 9ರಂದು ಕಿಂಗ್ ಪಾದ್ರಿಯಾಗಿದ್ದ ಎಬನೇಜರ್ ಚರ್ಚಿನಿಂದ ಹೇಸರಗತ್ತೆಗಳ ಗಾಡಿಯಲ್ಲಿ ಶವಪೆಟ್ಟಿಗೆ ಮೋರ್‌ಹೌಸಿನ ಅಂಗಳಕ್ಕೆ ಬಂತು. ಎಪ್ಪತ್ತಮೂರರ ಮೇಸ್ ಬಯಲಿನಲ್ಲಿ ನಿಂತು ಮೂವತ್ತೊಂಬತ್ತರ ಶಿಷ್ಯನ ಬಗ್ಗೆ ಮಾತನಾಡಿದರು. ಕಿಂಗ್ ಕಾಲಕ್ಕಿಂತ ಮುಂದೆ ಇದ್ದರು ಎಂಬ ಹೊಗಳಿಕೆಯನ್ನು ಅವರು ಅಲ್ಲಿ ಒಪ್ಪಲಿಲ್ಲ. ಯಾವ ಮನುಷ್ಯನೂ ತನ್ನ ಕಾಲಕ್ಕಿಂತ ಮುಂದೆ ಇರುವುದಿಲ್ಲ, ಪ್ರತಿಯೊಬ್ಬನೂ ತನ್ನ ಕಾಲಕ್ಕೆ ಸೇರಿದವನು ಎಂದರು. ಸತ್ತವರನ್ನು ಹೊಗಳುವ ಹೊತ್ತಿನಲ್ಲಿಯೂ ಮೇಷ್ಟ್ರು ತಪ್ಪು ತಿದ್ದುವುದನ್ನು ಬಿಡಲಿಲ್ಲ ನೋಡಿ.

ಧಾರವಾಡದ ಉಪನ್ಯಾಸಕಿ

ಕುಟುಂಬದ ಮಾತು ಇಲ್ಲಿಯವರೆಗೆ ಅಪ್ಪನಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಹೋಗಿ ನಿಂತಿದೆ. ಹೆಂಡತಿ ಎಲ್ಲಿ?

ಮೊದಲ ಪತ್ನಿ ಎಲೆನ್ ಹಾರ್ವಿನ್ ಅವರನ್ನು 1920ರಲ್ಲಿ ಮದುವೆಯಾದರು, ಅವರು 1923ರಲ್ಲಿ ತೀರಿಕೊಂಡರು. 1926ರಲ್ಲಿ ಸ್ಯಾಡಿ ಗ್ರೇ ಅವರೊಂದಿಗೆ ಮದುವೆ. ಇಬ್ಬರೂ ಆಗ ದಕ್ಷಿಣ ಕೆರೊಲಿನಾದ ಸರ್ಕಾರಿ ಕಾಲೇಜಿನಲ್ಲಿ ಅಧ್ಯಾಪಕರು. ಮದುವೆಯಾದ ಹೆಂಡತಿ ಅಲ್ಲಿ ಪಾಠ ಮಾಡುವಂತಿಲ್ಲ ಎಂಬ ನಿಯಮ. ಇಬ್ಬರೂ ಕೆಲಸ ಬಿಟ್ಟು ಫ್ಲಾರಿಡಾದ ಟ್ಯಾಂಪಾಕ್ಕೆ ಹೋಗಿ ಸಮಾಜ ಸೇವೆಯ ಕೆಲಸಕ್ಕೆ ಸೇರಿದರು. ಮೇಸ್ ಅಲ್ಲಿ ಕಪ್ಪು ಜನರ ಏಳಿಗೆಗೆ ದುಡಿಯುವ ಸಂಘಟನೆಯಾದ ಅರ್ಬನ್ ಲೀಗ್‌ನ ಕಾರ್ಯದರ್ಶಿ. ಹೆಂಡತಿಯ ಕೆಲಸ ಹೋಗುವುದಾದರೆ ತನ್ನದೂ ಬೇಡ ಎಂದ ಗಂಡ 1926ರಲ್ಲಿ ಇದ್ದರು ಎಂಬುದಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಆದರೆ ಆಮೇಲಿನ ಮೋರ್‌ಹೌಸಿನ ದಶಕಗಳಲ್ಲಿ ಅಧ್ಯಕ್ಷರ ಮನೆಗೆ ಬಂದ ಅತಿಥಿಗಳು, ಹುಡುಗರು, ದಾನಿಗಳು ಎಲ್ಲರನ್ನೂ ನೋಡಿಕೊಂಡವರು ಯಾರು ಎಂದು ಯಾರೂ ವಿವರವಾಗಿ ಬರೆಯುವುದಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ‘ವಿದ್ಯಾರ್ಥಿಗಳೇ ಮಕ್ಕಳು’ ಎಂದು ಇಂಥ ಕಡೆ ಎಲ್ಲರೂ ಬರೆಯುವ ವಾಕ್ಯ ನನಗೆ ಹಿಡಿಸುವುದಿಲ್ಲ, ಅದನ್ನು ಸ್ಯಾಡಿ ಅವರನ್ನು ಕೇಳಿ ಬರೆದವರು ಯಾರೂ ಇಲ್ಲ. 1969ರಲ್ಲಿ ಅವರು ಹೋದರು.

ಬೆಂಗಳೂರಿನ ಹಳೇ ನ್ಯಾಷನಲ್ ಕಾಲೇಜು

ಚರ್ಚೆ ಚೆನ್ನಾಗಿದೆ. ಒಂದೇ ಸಂಶಯ. ಕಾಲೇಜನ್ನು ಪ್ರಾಮಾಣಿಕವಾಗಿ ನಡೆಸಲು ದೇವರು ಬೇಕೇ? ಬಸವನಗುಡಿಯ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ಬಡ ಕುಟುಂಬದಿಂದ ಬಂದವರು, 1942ರ ಚಳವಳಿಯಲ್ಲಿ ಜೈಲಿಗೆ ಹೋದವರು, ಮದುವೆಯಾಗದೆ ಹಾಸ್ಟೆಲಿನ ಕೋಣೆಯಲ್ಲಿಯೇ ಬದುಕಿದವರು, ಪ್ರಾಂಶುಪಾಲರೂ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದವರು. ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ವಿಚಾರವಾದಿ. ಕಡ್ಡಾಯ ಪ್ರಾರ್ಥನೆ ಇಟ್ಟ ಮೇಸ್ ಅವರಿಗಿಂತ, ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎಂದ ನರಸಿಂಹಯ್ಯನವರೇ ಕಾಲೇಜಿಗೆ ತಕ್ಕ ಮನುಷ್ಯ ಎನ್ನುವುದು ನನ್ನ ಪಕ್ಷಪಾತ.

ಹಾಸನದ ನಿವೃತ್ತ ಪ್ರಾಂಶುಪಾಲೆ

ಪಕ್ಷಪಾತವೆಂದು ನೀವೇ ಹೇಳಿದ ಮೇಲೆ ನಾನೇನು ಹೇಳಲಿ! ದೇವರು ಬೇಕೇ ಬೇಕು ಎಂದು ನಾನು ಬರೆದಿಲ್ಲ. ಮೇಸ್ ಅವರಿಗೆ ಬೇಕಾಗಿತ್ತು, ಅದಕ್ಕೆ ಅವರ ಊರಿನ ಚರಿತ್ರೆಯಲ್ಲಿ ಕಾರಣವಿದೆ. ಆ ಕಪ್ಪು ಒಕ್ಕಲು ಮಕ್ಕಳಿಗೆ ‘ನೀನೂ ಮನುಷ್ಯ’ ಎಂದು ಹೇಳುತ್ತಿದ್ದ ಕಟ್ಟಡ ಸುತ್ತಮುತ್ತ ಒಂದೇ, ಚರ್ಚು. ಹಾಗೆಂದು ಅವರು ಚರ್ಚನ್ನು ಸುಮ್ಮನೆ ಬಿಟ್ಟವರಲ್ಲ. 1933ರಲ್ಲಿ ಜೋಸೆಫ್ ನಿಕೋಲ್ಸನ್ ಜೊತೆ ಸೇರಿ ಕಪ್ಪು ಚರ್ಚುಗಳ ಅಧ್ಯಯನ ಪ್ರಕಟಿಸಿದರು. ಸಾಲದ ಹೊರೆ, ತರಬೇತಿ ಇಲ್ಲದ ಪಾದ್ರಿಗಳು, ಅಗತ್ಯಕ್ಕಿಂತ ಹೆಚ್ಚಿನ ಚರ್ಚುಗಳು ಎಲ್ಲವನ್ನೂ ಲೆಕ್ಕ ಸಮೇತ ಬರೆದರು. ಬಿಳಿಯರ ಚರ್ಚುಗಳು ಬಣ್ಣ ನೋಡಿ ಬಾಗಿಲು ತೆರೆಯುವುದನ್ನು ಜೀವನವಿಡೀ ಖಂಡಿಸಿದರು. ನಂಬಿಕೆಯ ಒಳಗೇ ನಿಂತು ಲೆಕ್ಕ ಕೇಳುವವರು ನಮ್ಮ ಮಠಗಳ ಕಾಲೇಜುಗಳಲ್ಲಿಯೂ ಕೆಲವರು ಇದ್ದಿದ್ದರೆ ಎಂದು ನನಗೆ ಆಸೆ. ಹೆಚ್ಚು ಹೇಳಿದರೆ ಚರ್ಚೆ ಬೇರೆ ದಾರಿ ಹಿಡಿಯುತ್ತದೆ.

ಕಲಬುರಗಿಯ ಓದುಗ

ಬೇರೆ ದಾರಿ ಹಿಡಿಯಲಿ ಬಿಡಿ, ಅದೂ ಬೇಕಾದ ಚರ್ಚೆಯೇ. ಇರಲಿ. ಅಟ್ಲಾಂಟಾದವರೇ, ನಿವೃತ್ತಿಯ ನಂತರ ಮೇಸ್ ಸರ್ಕಾರಿ ಶಾಲೆಗಳ ಮಂಡಳಿಗೆ ಹೋದರಲ್ಲವೇ? ಅಲ್ಲಿ ಬಿಳಿಯರೊಂದಿಗೆ ರಾಜಿ ಮಾಡಿಕೊಂಡರು ಎಂಬ ಆರೋಪ ಓದಿದ್ದೇನೆ.

ಅಟ್ಲಾಂಟಾ ಕನ್ನಡಿಗ

ಹೌದು. 1969ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಚುನಾವಣೆಗೆ ನಿಂತು ಅಟ್ಲಾಂಟಾ ಶಿಕ್ಷಣ ಮಂಡಳಿಗೆ ಗೆದ್ದರು. 1970ರಿಂದ 1981ರವರೆಗೆ ಅದರ ಅಧ್ಯಕ್ಷರು, ಆ ಹುದ್ದೆಗೆ ಏರಿದ ಮೊದಲ ಕಪ್ಪು ಮನುಷ್ಯ. 1973ರಲ್ಲಿ ಶಾಲೆಗಳ ವರ್ಣಭೇದದ ಮೊಕದ್ದಮೆ ಇತ್ಯರ್ಥವಾಯಿತು. ಮಕ್ಕಳನ್ನು ಬಸ್ಸುಗಳಲ್ಲಿ ದೂರದ ಬಡಾವಣೆಗಳಿಗೆ ಕಳುಹಿಸಿ ಕಪ್ಪು ಬಿಳಿ ಮಕ್ಕಳನ್ನು ಬೆರೆಸುವುದನ್ನು ಕಡಿಮೆ ಮಾಡಿ, ಅದಕ್ಕೆ ಬದಲಾಗಿ ಆಡಳಿತದ ಹುದ್ದೆಗಳನ್ನು ಕಪ್ಪು ಜನರಿಗೆ ಕೊಡುವುದು ಎಂಬ ಒಡಂಬಡಿಕೆ. ಅಲೋಂಜೊ ಕ್ರಿಮ್ ನಗರದ ಶಾಲೆಗಳ ಮೊದಲ ಕಪ್ಪು ಸೂಪರಿಂಟೆಂಡೆಂಟ್ ಆದರು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್.ಎ.ಎ.ಸಿ.ಪಿ. ಸಂಘಟನೆಯ ರಾಷ್ಟ್ರೀಯ ನಾಯಕತ್ವ ಕೆಂಡವಾಗಿ, ಇದಕ್ಕೆ ಒಪ್ಪಿದ ತನ್ನ ಅಟ್ಲಾಂಟಾ ಶಾಖೆಯನ್ನೇ ಅಮಾನತು ಮಾಡಿತು.

ಮೇಸ್ ಪರ ವಾದ ಹೀಗೆ: ಬಿಳಿ ಕುಟುಂಬಗಳು ಅಷ್ಟರಲ್ಲಿ ನಗರ ಬಿಟ್ಟು ಹೊರವಲಯಕ್ಕೆ ಹೋಗಿಯಾಗಿತ್ತು, ಬೆರೆಸಲು ಬಿಳಿ ಮಕ್ಕಳೇ ಸಾಕಷ್ಟು ಉಳಿದಿರಲಿಲ್ಲ. ವಿರೋಧದ ವಾದ: ಹಕ್ಕನ್ನು ಕೊಟ್ಟು ಕುರ್ಚಿ ತೆಗೆದುಕೊಂಡರು. ನನ್ನ ಮಕ್ಕಳು ಈ ಪ್ರದೇಶದ ಸರ್ಕಾರಿ ಶಾಲೆಗೇ ಹೋಗುತ್ತಾರೆ. ಯಾವ ಬಡಾವಣೆಯ ಶಾಲೆಯಲ್ಲಿ ಯಾವ ಬಣ್ಣದ ಮಕ್ಕಳು ಹೆಚ್ಚು ಎಂದು ಇಂದಿಗೂ ಬಸ್ ನಿಲ್ದಾಣದಲ್ಲಿ ನಿಂತು ಹೇಳಬಹುದು. ಆದ್ದರಿಂದ ನಾನು ವಿರೋಧದ ಕಡೆ ವಾಲುತ್ತೇನೆ, ಅವರ ಮೇಲಿನ ಗೌರವ ಕಡಿಮೆಯಾಗದೆ.

1984ರ ಮಾರ್ಚ್ 28ರಂದು ಮೇಸ್ ತೀರಿಕೊಂಡರು. ಗಂಡ ಹೆಂಡತಿ ಇಬ್ಬರ ಸಮಾಧಿಯೂ ಮೋರ್‌ಹೌಸಿನ ಗ್ರೇವ್ಸ್ ಹಾಲ್ ಎಂಬ ಕಟ್ಟಡದ ಎದುರು ಇದೆ. ಧಾರವಾಡದ ಮೇಡಂ ಅವರಿಗಾಗಿ ಹೇಳುತ್ತೇನೆ, ಸ್ಯಾಡಿ ಅವರ ಹೆಸರೂ ಅಲ್ಲಿದೆ.

ದಾವಣಗೆರೆ ಗುಮಾಸ್ತ

ಸಮಾಧಿಯ ಮೇಲೆ ಹೆಸರಿದೆ, ಪುಸ್ತಕದಲ್ಲಿ ಪುಟಗಳಿಲ್ಲ; ಮೇಡಂ ಕೇಳಿದ್ದು ಎರಡನೆಯದನ್ನು ಎಂದು ನನ್ನ ಅನಿಸಿಕೆ.

ಆ ಪ್ರವೇಶ ಪರೀಕ್ಷೆಯ ವಿಚಾರ ಇನ್ನೊಮ್ಮೆ ಹೇಳಿ. ಯುದ್ಧ ಮುಗಿದು ಹುಡುಗರು ಸೈನ್ಯದಿಂದ ವಾಪಸು ಬಂದ ಮೇಲೆ ಶುಲ್ಕದ ಸ್ಥಿತಿ ಸುಧಾರಿಸಿರಬೇಕು. ಸೈನಿಕರ ಓದಿನ ಖರ್ಚನ್ನು ಆಗ ಅಮೆರಿಕ ಸರ್ಕಾರವೇ ಕೊಡುತ್ತಿತ್ತಲ್ಲವೇ? ಹಾಗಿದ್ದರೆ 1946ರಿಂದ ಆಚೆಗೆ ಬಾಕಿ ವಹಿ ಹಗುರಾಗಿ, ಅಡ್ಡಹೆಸರು ಮಾತ್ರ ಉಳಿದುಕೊಂಡಿತು ಎಂದಾಯಿತು. ಮೋರ್‌ಹೌಸಿನ ಹಳೆಯ ಲೆಕ್ಕಪತ್ರಗಳನ್ನು ನೋಡಿದವರು ಯಾರಾದರೂ ಇದ್ದರೆ ಬರೆಯಿರಿ. ಭಾಷಣಗಳು ಬೇಡ, ಎಷ್ಟು ಜನರಿಗೆ ಕಂತು ಕೊಟ್ಟರು, ಎಷ್ಟು ಮಂದಿಗೆ ಮನ್ನಾ ಮಾಡಿದರು, ಅದನ್ನು ಹೇಳಿ.